ತೋಟ ಮತ್ತು ಹಿತ್ತಲಿನ ಬಹುವಾರ್ಷಿಕ ಬೆಳೆಗಳ ಬೀಜ ಸಂಗ್ರಹಣೆ ಹಾಗೂ ಬಿತ್ತನೆ: ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ರೈತರಿಗೆ ಮಾಹಿತಿ

ಪೀಠಿಕೆ

ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಚಂದ್ರಗುತ್ತಿ, ಉಳವಿ ಭಾಗಗಳು ಮಲೆನಾಡಿನ ಸ್ವರೂಪದವು. ಅಲ್ಲಿಂದ ಆನವಟ್ಟಿ, ಶಿರಾಳಕೊಪ್ಪ ಮಾರ್ಗವಾಗಿ ಪೂರ್ವಕ್ಕೆ ಸಾಗಿದಂತೆ ಮಳೆಯ ಪ್ರಮಾಣ ಕಡಿಮೆಯಾಗುತ್ತಾ ಹೋಗಿ, ಶಿಕಾರಿಪುರ ತಾಲ್ಲೂಕಿನ ಬಹುಭಾಗ ಅರೆಮಲೆನಾಡಿಗೆ ಸೇರುತ್ತದೆ. ಸೊರಬದ ಕಣಿವೆಗಳಲ್ಲಿ ಅಡಿಕೆ ತೋಟ ತಲೆಮಾರುಗಳಿಂದ ಇದೆ. ಶಿಕಾರಿಪುರದಲ್ಲಿ ಭತ್ತ ಮತ್ತು ಮೆಕ್ಕೆಜೋಳ ಬೆಳೆಯುತ್ತಿದ್ದ ಜಮೀನುಗಳು ಕೆರೆ, ನಾಲೆ ಮತ್ತು ಕೊಳವೆಬಾವಿಗಳ ನೀರನ್ನು ಅವಲಂಬಿಸಿ ಕಳೆದ ಕೆಲವು ದಶಕಗಳಲ್ಲಿ ಅಡಿಕೆ ತೋಟಗಳಾಗಿ ಪರಿವರ್ತನೆಗೊಂಡಿವೆ. ಹೊಸ ತೋಟ ಹೆಚ್ಚಿದಂತೆ ಸಸಿಗಳಿಗೆ ಬೇಡಿಕೆಯೂ ಹೆಚ್ಚಿದ್ದು, ಮೂಲ ತಿಳಿಯದ ಸಸಿಗಳನ್ನು ನೆಟ್ಟು ನಷ್ಟ ಅನುಭವಿಸುವ ಸಂದರ್ಭಗಳೂ ಉಂಟಾಗುತ್ತಿವೆ.

ಮೆಕ್ಕೆಜೋಳದ ಬೀಜ ಕಳಪೆಯಾಗಿದ್ದರೆ ಒಂದು ಹಂಗಾಮು ನಷ್ಟವಾಗುತ್ತದೆ. ಅಡಿಕೆಯ ಬೀಜ ಕಳಪೆಯೆಂಬುದು ತಿಳಿಯುವುದು ಬಿತ್ತಿದ ಆರೇಳು ವರ್ಷಗಳ ನಂತರ. ಅಷ್ಟರಲ್ಲಿ ಗುಂಡಿ, ಗೊಬ್ಬರ, ನೀರು ಮತ್ತು ಕೂಲಿಗೆ ಆದ ವೆಚ್ಚ ಹಿಂದಿರುಗುವುದಿಲ್ಲ. ಮರ ಕಡಿದು ಹೊಸದಾಗಿ ಆರಂಭಿಸುವ ಶಕ್ತಿ ಸಣ್ಣ ಹಿಡುವಳಿದಾರರಿಗೆ ಇರುವುದಿಲ್ಲ. ಆದ್ದರಿಂದ ಬಹುವಾರ್ಷಿಕ ಬೆಳೆಗಳಲ್ಲಿ ಬೀಜದ ಆಯ್ಕೆಯನ್ನು ಬೇಸಾಯದ ಮೊದಲ ಕೆಲಸವೆಂದು ಪರಿಗಣಿಸಬೇಕಾಗುತ್ತದೆ. ಸ್ವಂತ ತೋಟದಲ್ಲಿ ಉತ್ತಮ ಮರಗಳನ್ನು ಹೊಂದಿರುವ ರೈತರು ತಾವೇ ಸಸಿ ಬೆಳೆಸಿಕೊಳ್ಳಲು ಹಾಗೂ ಸಸಿ ಖರೀದಿಸುವವರು ಅದರ ಗುಣಮಟ್ಟವನ್ನು ಪರಿಶೀಲಿಸಲು ಅನುಕೂಲವಾಗುವಂತೆ ಈ ಮಾಹಿತಿಯನ್ನು ನೀಡಲಾಗಿದೆ.

ಕಾಪಿಡಬಹುದಾದ ಬೀಜ, ಕಾಪಿಡಲಾಗದ ಬೀಜ

ಭತ್ತ, ರಾಗಿ, ಅವರೆಯಂತೆ ಬೀಜವನ್ನು ಒಣಗಿಸಿ ಬೂದಿ ಬೆರೆಸಿ ಮುಂದಿನ ಮಳೆಗಾಲದವರೆಗೆ ಇಡುವ ಪದ್ಧತಿ ಮನೆಮನೆಗಳಲ್ಲಿ ರೂಢಿಯಲ್ಲಿದೆ. ಈ ಪದ್ಧತಿಯನ್ನು ತೋಟದ ಮರಗಳ ಬೀಜಗಳಿಗೆ ಅನ್ವಯಿಸಿದರೆ ಬೀಜ ಸಾಯುತ್ತದೆ. ಅಡಿಕೆ, ತೆಂಗು, ಮಾವು, ಹಲಸು, ಮುರುಗಲು, ಕರಿಬೇವು ಮೊದಲಾದವುಗಳ ಬೀಜದಲ್ಲಿ ಹಣ್ಣಾದಾಗಲೂ ನೀರಿನ ಅಂಶ ಹೆಚ್ಚಿರುತ್ತದೆ. ಅದು ಒಣಗಿದೊಡನೆ ಒಳಗಿನ ಮೊಳಕೆ ಸತ್ತುಹೋಗುತ್ತದೆ. ಹೊರನೋಟಕ್ಕೆ ಬೀಜ ಗಟ್ಟಿಯಾಗಿ, ಚೆನ್ನಾಗಿಯೇ ಕಾಣುವುದರಿಂದ ಮೋಸ ಹೋಗುವ ಸಂಭವ ಹೆಚ್ಚು. ಇಂತಹ ಬೀಜಗಳನ್ನು ಬಿಸಿಲಿಗೆ ಒಡ್ಡಬಾರದು, ಶೈತ್ಯಪೆಟ್ಟಿಗೆಯಲ್ಲಿ ಇಡಬಾರದು ಮತ್ತು ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬಾರದು. ಕೂಡಲೇ ಬಿತ್ತಲು ಸಾಧ್ಯವಾಗದಿದ್ದಲ್ಲಿ ನೆರಳಿನಲ್ಲಿ, ತೇವವಿರುವ ಮರಳು ಅಥವಾ ತೆಂಗಿನ ನಾರಿನ ಪುಡಿಯಲ್ಲಿ ಕೆಲವು ದಿನ ಮಾತ್ರ ಇಡಬಹುದು.

ನುಗ್ಗೆ, ಪಪ್ಪಾಯಿ, ಕನಕಾಂಬರಗಳ ಬೀಜಗಳನ್ನು ಒಣಗಿಸಿ ಕೆಲವು ತಿಂಗಳು ಕಾಪಾಡಬಹುದು. ಇವನ್ನು ಸಹ ನೆರಳಿನಲ್ಲಿಯೇ ಒಣಗಿಸಿ, ಕಾಗದದ ಲಕೋಟೆಯಲ್ಲಿ ಹಾಕಿ, ಗಿಡದ ಹೆಸರು ಮತ್ತು ಸಂಗ್ರಹಿಸಿದ ದಿನಾಂಕವನ್ನು ಬರೆದು, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡುವುದು ಸೂಕ್ತ. ದಿನಾಂಕವಿಲ್ಲದ ಬೀಜವನ್ನು ಹಳೆಯ ಬೀಜವೆಂದೇ ಭಾವಿಸಿ ದಟ್ಟವಾಗಿ ಬಿತ್ತಬೇಕು.

ಅಡಿಕೆ: ತಾಯಿಮರದ ಆಯ್ಕೆ

ಅಡಿಕೆಯು ಪರಕೀಯ ಪರಾಗಸ್ಪರ್ಶ ಹೊಂದುವ ಬೆಳೆ. ಒಂದೇ ಸಿಂಗಾರದಲ್ಲಿ ಗಂಡು ಮತ್ತು ಹೆಣ್ಣು ಹೂಗಳಿದ್ದರೂ ಗಂಡು ಹೂಗಳು ಮೊದಲು ಅರಳಿ ಉದುರಿದ ನಂತರ ಹೆಣ್ಣು ಹೂಗಳು ಪರಾಗ ಸ್ವೀಕರಿಸುವ ಹಂತ ತಲುಪುತ್ತವೆ. ಹಾಗಾಗಿ ಒಂದು ಗೊನೆಯಲ್ಲಿರುವ ಅಡಿಕೆಗಳ ತಾಯಿ ಯಾವುದೆಂದು ಗೊತ್ತಿದ್ದರೂ ತಂದೆ ಯಾವುದೆಂದು ಹೇಳಲಾಗುವುದಿಲ್ಲ. ಉತ್ತಮ ಮರವೊಂದು ಕಳಪೆ ಮರಗಳ ನಡುವೆ ಇದ್ದರೆ ಅದರ ಬೀಜದಿಂದ ನಿರೀಕ್ಷಿತ ಫಲ ದೊರೆಯುವುದು ಕಷ್ಟ. ಆದ್ದರಿಂದ ಮೊದಲು ಉತ್ತಮ ತೋಟವನ್ನು, ಅನಂತರ ಅದರಲ್ಲಿ ಉತ್ತಮ ಮರಗಳನ್ನು ಆರಿಸಬೇಕು.

ತಾಯಿಮರವು ನಡುವಯಸ್ಸಿನದಾಗಿದ್ದು, ಇಳುವರಿ ಸ್ಥಿರಗೊಂಡಿರಬೇಕು. ಬೇಗ ಫಸಲಿಗೆ ಬಂದಿರುವ, ಕಾಯಿ ಕಚ್ಚುವ ಪ್ರಮಾಣ ಅಧಿಕವಾಗಿರುವ, ತಲೆಯಲ್ಲಿ ಹೆಚ್ಚು ಸೋಗೆಗಳಿರುವ, ಕಾಂಡದ ಗಂಟುಗಳ ನಡುವಿನ ಅಂತರ ಕಡಿಮೆಯಿರುವ ಮರಗಳು ಸೂಕ್ತ. ಒಂದು ವರ್ಷದ ಫಸಲನ್ನು ನೋಡಿ ತೀರ್ಮಾನಿಸದೆ ಕನಿಷ್ಠ ಮೂರು ವರ್ಷಗಳ ಕಾಲ ಗೊನೆಗಳನ್ನು ಗಮನಿಸಿ, ಮರಕ್ಕೆ ಬಣ್ಣದ ಪಟ್ಟಿ ಬಳಿದು ಗುರುತು ಮಾಡಿಕೊಳ್ಳುವುದು ಒಳ್ಳೆಯದು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಗೊಬ್ಬರಗುಂಡಿಯ ಪಕ್ಕದ ಮರ, ಬಚ್ಚಲು ನೀರು ಹರಿಯುವ ಕಡೆಯ ಮರ, ಹೆಚ್ಚು ಬೆಳಕು ದೊರೆಯುವ ಅಂಚಿನ ಮರಗಳು ಸಾಮಾನ್ಯವಾಗಿ ಸೊಂಪಾಗಿಯೇ ಇರುತ್ತವೆ. ಆ ಸೊಂಪು ಜಾಗದ್ದು, ಮರದ್ದಲ್ಲ; ಅದು ಬೀಜದ ಮೂಲಕ ಮುಂದಿನ ತೋಟಕ್ಕೆ ಬರುವುದಿಲ್ಲ. ತೋಟದ ಮಧ್ಯಭಾಗದಲ್ಲಿ, ಸುತ್ತಲಿನ ಮರಗಳಷ್ಟೇ ಗೊಬ್ಬರ ಮತ್ತು ನೀರು ಪಡೆದೂ ಅವುಗಳಿಗಿಂತ ಹೆಚ್ಚು ಗೊನೆ ಬಿಡುವ ಮರವೇ ನಿಜವಾದ ತಾಯಿಮರ. ಬೀಜವನ್ನು ಒಂದೆರಡು ಮರಗಳಿಂದ ಮಾತ್ರ ತೆಗೆಯದೆ ಹತ್ತಕ್ಕೆ ಕಡಿಮೆಯಿಲ್ಲದಷ್ಟು ಮರಗಳಿಂದ ಸಂಗ್ರಹಿಸುವುದು ಕ್ಷೇಮಕರ.

ಹಳದಿ ಎಲೆ ರೋಗ ಅಥವಾ ಎಲೆಚುಕ್ಕಿ ರೋಗ ಕಾಣಿಸಿಕೊಂಡಿರುವ ತೋಟಗಳಿಂದ ಬೀಜವನ್ನಾಗಲಿ ಸಸಿಯನ್ನಾಗಲಿ ತರಬಾರದು. ಕೊಳೆರೋಗ ತಗುಲಿದ ಗೊನೆಗಳ ಕಾಯಿಗಳನ್ನೂ ಬಿತ್ತನೆಗೆ ಬಳಸಬಾರದು.

ತಳಿಗಳ ವಿಷಯದಲ್ಲಿ, ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ವಿಟ್ಲ ಪ್ರಾದೇಶಿಕ ಕೇಂದ್ರದಿಂದ 1972ರಲ್ಲಿ ಬಿಡುಗಡೆಯಾದ ಮಂಗಳ ತಳಿಯು ಚೀನಾ ಮೂಲದ್ದಾಗಿದ್ದು, ಬೇಗ ಫಸಲಿಗೆ ಬರುವುದಕ್ಕೆ ಹೆಸರಾಗಿದೆ. ಅನಂತರ ಸುಮಂಗಳ, ಶ್ರೀಮಂಗಳ, ಮೋಹಿತ್‌ನಗರ ಮೊದಲಾದ ತಳಿಗಳು ಬಂದಿವೆ. ಹಸಿ ಅಡಿಕೆಯನ್ನು ಬೇಯಿಸಿ ಕೆಂಪಡಿಕೆ ತಯಾರಿಸುವ ಈ ಭಾಗದಲ್ಲಿ ತೀರ್ಥಹಳ್ಳಿ ಸ್ಥಳೀಯ ತಳಿಯೇ ಹೆಚ್ಚು ರೂಢಿಯಲ್ಲಿದೆ. ಬೇರೆ ಬೇರೆ ತಳಿಗಳನ್ನು ಒಂದೇ ತೋಟದಲ್ಲಿ ಬೆರೆಸಿ ನೆಟ್ಟಿರುವವರು ಆ ತೋಟದ ಬೀಜವನ್ನು ಯಾವುದೇ ತಳಿಯ ಹೆಸರಿನಲ್ಲಿ ಮಾರಾಟ ಮಾಡುವುದು ತರವಲ್ಲ. ಮಿಶ್ರತಳಿ ಮರಗಳ ಬೀಜದಿಂದ ಹುಟ್ಟಿದ ಸಸಿಗಳಲ್ಲಿ ಗುಣಗಳು ಒಡೆದು ಬೇರೆಯಾಗುವುದರಿಂದ ಅಂತಹ ಬೀಜವನ್ನು ಬಿತ್ತಲೇಬಾರದು.

ಬೀಜದ ಗೊನೆಯನ್ನು ಉಳಿಸಿಕೊಳ್ಳುವುದು

ಕರಾವಳಿಯಲ್ಲಿ ಅಡಿಕೆಯನ್ನು ಹಣ್ಣಾದ ಮೇಲೆ ಕೊಯ್ದು ಚಾಲಿ ಮಾಡುವ ಕಾರಣ ಬೀಜದ ಅಡಿಕೆ ತಾನಾಗಿಯೇ ದೊರೆಯುತ್ತದೆ. ಶಿಕಾರಿಪುರ, ಸೊರಬಗಳಲ್ಲಿ ಹಾಗಲ್ಲ. ಇಲ್ಲಿ ಮಳೆಗಾಲದ ಕೊನೆಯಿಂದ ಆರಂಭವಾಗುವ ಕೊಯ್ಲಿನಲ್ಲಿ ಕಾಯಿ ಹಸಿರಾಗಿರುವಾಗಲೇ ಗೊನೆ ಇಳಿಸಲಾಗುತ್ತದೆ. ಮಾರುಕಟ್ಟೆಗೆ ಉತ್ತಮವಾದ ಆ ಕಾಯಿ ಬಿತ್ತನೆಗೆ ನಿರುಪಯುಕ್ತ. ಬಿತ್ತನೆಗೆ ಬೇಕಾದುದು ಸಿಪ್ಪೆ ಪೂರ್ಣ ಕಿತ್ತಳೆ ಬಣ್ಣಕ್ಕೆ ತಿರುಗಿದ ಹಣ್ಣಡಿಕೆ, ಅಂದರೆ ಗೋಟು. ಅದಕ್ಕಾಗಿ ಗುರುತಿಸಿದ ಮರದಲ್ಲಿ ಗೊನೆಯನ್ನು ಇನ್ನೂ ಕೆಲವು ತಿಂಗಳು ಬಿಡಬೇಕಾಗುತ್ತದೆ.

ಕೊಯ್ಲಿನ ಅವಸರದಲ್ಲಿ ಇದು ಮರೆತುಹೋಗುವುದೇ ಹೆಚ್ಚು. ಕೊನೆಗಾರರು ಮರದಿಂದ ಮರಕ್ಕೆ ದಾಟುವಾಗ ಬುಡದ ಗುರುತು ಅವರಿಗೆ ಕಾಣುವುದಿಲ್ಲ. ಆದ್ದರಿಂದ ಬೀಜದ ಮರಗಳನ್ನು ಮುಂಚಿತವಾಗಿ ತೋರಿಸಿ, ಸಾಧ್ಯವಾದರೆ ಗೊನೆಯ ಬಳಿಯೂ ಬಟ್ಟೆಯ ತುಂಡೊಂದನ್ನು ಕಟ್ಟಿಸಬೇಕು. ಫಸಲನ್ನು ಚೇಣಿಗೆ ಕೊಡುವ ರೈತರು ಬೀಜದ ಮರಗಳ ಸಂಖ್ಯೆಯನ್ನು ಮಾತುಕತೆಯ ಸಮಯದಲ್ಲಿಯೇ ತಿಳಿಸಿ, ಅವುಗಳನ್ನು ಚೇಣಿಯಿಂದ ಹೊರಗಿಟ್ಟು, ಕರಾರಿನಲ್ಲಿ ಬರೆಸುವುದು ಉಚಿತ. ಉತ್ತಮ ಮರಗಳನ್ನೇ ಹೊರಗಿಡುವುದಕ್ಕೆ ಚೇಣಿದಾರರು ಒಪ್ಪದಿರುವುದು ಸಹಜವಾದರೂ, ಹತ್ತು ಮರಗಳ ಒಂದು ವರ್ಷದ ಆದಾಯವು ಹೊಸ ತೋಟದ ಮುಂದಿನ ಹಲವು ದಶಕಗಳ ಇಳುವರಿಯ ಎದುರು ದೊಡ್ಡದಲ್ಲ.

ಮರದಲ್ಲಿರುವ ಗೊನೆಗಳ ಪೈಕಿ ಮೊದಲ ಮತ್ತು ಕೊನೆಯ ಗೊನೆಗಳನ್ನು ಬಿಟ್ಟು ನಡುವಿನ ಗೊನೆಗಳನ್ನು ಬೀಜಕ್ಕೆ ಉಳಿಸಬೇಕು. ಹಣ್ಣಾದ ಗೊನೆಯನ್ನು ಮೇಲಿಂದ ಕೆಡವದೆ ಹಗ್ಗದ ಮೂಲಕ ಇಳಿಸತಕ್ಕದ್ದು. ನೆಲಕ್ಕೆ ಬಿದ್ದ ಪೆಟ್ಟಿನಿಂದ ಒಳಗಿನ ಮೊಳಕೆಗೆ ಹಾನಿಯಾದರೆ ಅದು ಸಿಪ್ಪೆಯ ಮೇಲೆ ಕಾಣುವುದಿಲ್ಲ.

ಬೀಜದ ಅಡಿಕೆಯ ಪರೀಕ್ಷೆ

ಗೊನೆಯಿಂದ ಬಿಡಿಸಿದ ಹಣ್ಣುಗಳಲ್ಲಿ ಒಂದೇ ಗಾತ್ರದ, ತೊಟ್ಟು ಸಹಿತವಾಗಿರುವ, 35 ಗ್ರಾಂಗಿಂತ ಹೆಚ್ಚು ತೂಗುವ ಹಣ್ಣುಗಳನ್ನು ಆರಿಸಬೇಕು. ಅನಂತರ ದೊಡ್ಡ ಪಾತ್ರೆ ಅಥವಾ ತೊಟ್ಟಿಯಲ್ಲಿ ನೀರು ತುಂಬಿ ಹಣ್ಣುಗಳನ್ನು ಬಿಡಬೇಕು. ತೊಟ್ಟಿನ ಭಾಗ ಮೇಲಾಗಿ ನೆಟ್ಟಗೆ ತೇಲುವ ಹಣ್ಣುಗಳಿಂದ ಸದೃಢ ಸಸಿಗಳು ಬರುತ್ತವೆಯೆಂದು ಕಂಡುಬಂದಿರುವುದರಿಂದ ಅವುಗಳನ್ನು ಬಿತ್ತನೆಗೆ ತೆಗೆದುಕೊಂಡು, ಅಡ್ಡಲಾಗಿ ತೇಲುವವುಗಳನ್ನು ಸುಲಿಯಲು ಕಳುಹಿಸಬಹುದು.

ಭತ್ತದ ಬೀಜವನ್ನು ಉಪ್ಪುನೀರಿನಲ್ಲಿ ಹಾಕಿ ತೇಲುವುದನ್ನು ಜೊಳ್ಳೆಂದು ತೆಗೆದುಹಾಕುವ ಅಭ್ಯಾಸವಿರುವವರು ಇಲ್ಲಿ ತಪ್ಪುವ ಸಂಭವವಿದೆ. ಅಡಿಕೆಗೆ ಸಿಪ್ಪೆಯ ನಾರು ಇರುವುದರಿಂದ ತೇಲುವುದು ದೋಷವಲ್ಲ. ಹೇಗೆ ತೇಲುತ್ತದೆ ಎಂಬುದನ್ನು ನೋಡಬೇಕು.

ಸಸಿಮಡಿ ಮತ್ತು ಬಿತ್ತನೆ

ಆರಿಸಿದ ಹಣ್ಣಡಿಕೆಯನ್ನು ತಡಮಾಡದೆ ಬಿತ್ತಬೇಕು. ನೆರಳಿರುವ, ನೀರು ನಿಲ್ಲದ ಸ್ಥಳದಲ್ಲಿ ಮರಳಿನ ಮಡಿ ಸಿದ್ಧಪಡಿಸಿ, ಹಣ್ಣುಗಳನ್ನು ತೊಟ್ಟು ಮೇಲಾಗಿ, ಪರಸ್ಪರ ಸುಮಾರು 5 ಸೆಂ.ಮೀ. ಅಂತರದಲ್ಲಿ ಊರಿ, ಹಣ್ಣು ಮುಚ್ಚುವಷ್ಟು ಮಾತ್ರ ಮರಳು ಹರಡಬೇಕು. ಮೇಲೆ ತೆಳುವಾಗಿ ಹುಲ್ಲು ಅಥವಾ ಸೋಗೆ ಹೊದಿಸಿ ಪ್ರತಿದಿನ ನೀರು ಚಿಮುಕಿಸಬೇಕು. ಈ ಭಾಗದಲ್ಲಿ ಗೋಟು ದೊರೆಯುವ ಕಾಲ ಬೇಸಿಗೆಗೆ ಹತ್ತಿರವಾದುದರಿಂದ ಮಡಿ ಒಂದು ದಿನವೂ ಒಣಗದಂತೆ ನೋಡಿಕೊಳ್ಳುವುದೇ ಮುಖ್ಯ. ಕಾಡಿನಂಚಿನ ಗ್ರಾಮಗಳಲ್ಲಿ ಹಂದಿ ಮತ್ತು ಮುಳ್ಳುಹಂದಿಗಳು ಮಡಿಯನ್ನು ಕೆದಕದಂತೆ ಬೇಲಿಯ ವ್ಯವಸ್ಥೆ ಮಾಡಿಕೊಳ್ಳಬೇಕು. ಮನೆಯ ಹಿತ್ತಲಿನಲ್ಲಿ ಮಡಿ ಮಾಡುವುದು ಇದಕ್ಕೂ ನೀರಿಗೂ ಅನುಕೂಲ.

ಸುಮಾರು 45 ದಿನಗಳ ನಂತರ ಮೊಳಕೆ ಕಾಣಿಸಿಕೊಂಡು ಮೂರು ತಿಂಗಳವರೆಗೆ ಮುಂದುವರಿಯುತ್ತದೆ. ಮೊಳಕೆ ಬಂದಿದೆಯೇ ಎಂದು ಕಿತ್ತು ನೋಡುವ ಅಭ್ಯಾಸವನ್ನು ಬಿಡಬೇಕು. ಎಲ್ಲಕ್ಕಿಂತ ತಡವಾಗಿ ಮೊಳೆತವುಗಳನ್ನು, ಎಷ್ಟೇ ಕಡಿಮೆ ಸಸಿಗಳಿದ್ದರೂ, ತೆಗೆದುಹಾಕುವುದು ಲೇಸು.

ಎರಡು ಮೂರು ಎಲೆಗಳು ಬಂದಾಗ ಸಸಿಗಳನ್ನು 25 x 15 ಸೆಂ.ಮೀ. ಅಳತೆಯ, ತಳದಲ್ಲಿ ರಂಧ್ರಗಳಿರುವ ಪಾಲಿಥೀನ್ ಚೀಲಗಳಿಗೆ ವರ್ಗಾಯಿಸಬೇಕು. ಚೀಲಕ್ಕೆ ಮೇಲ್ಮಣ್ಣು, ಕೊಟ್ಟಿಗೆ ಗೊಬ್ಬರ ಮತ್ತು ಮರಳನ್ನು 7:3:2ರ ಪ್ರಮಾಣದಲ್ಲಿ ಬೆರೆಸಿ ತುಂಬಬೇಕು. ಹಸಿ ಸಗಣಿ ಗೊಬ್ಬರ ಬಳಸಿದರೆ ಬೇರಿಗೆ ಬೇಗೆ ತಗುಲುತ್ತದೆ. ಚೀಲದ ಬದಲು ಎರಡನೆಯ ಮಡಿಗೆ ನಾಟಿ ಮಾಡುವವರು ಸಸಿಯಿಂದ ಸಸಿಗೆ 30 ಸೆಂ.ಮೀ. ಅಂತರ ಕೊಡಬೇಕು. ಮಳೆಗಾಲದಲ್ಲಿ ಬಸಿಗಾಲುವೆ, ಬೇಸಿಗೆಯಲ್ಲಿ ಚಪ್ಪರದ ನೆರಳು ಇವೆರಡೂ ಅಗತ್ಯ. ಎಳೆಯ ಅಡಿಕೆ ಸಸಿಯ ಎಲೆ ಮಧ್ಯಾಹ್ನದ ಬಿಸಿಲಿಗೆ ಸುಡುತ್ತದೆ. ಸೊರಬದ ತೋಟಗಳಿಗಿಂತ ಶಿಕಾರಿಪುರದ ಬಯಲಿನಲ್ಲಿ ಇದು ಹೆಚ್ಚಾಗಿ ಕಂಡುಬರುತ್ತದೆ.

ನಾಟಿಗೆ ಸಸಿಗಳ ಆಯ್ಕೆ

ಸಸಿಗಳು 12ರಿಂದ 18 ತಿಂಗಳ ವಯಸ್ಸಿನವಾಗಿದ್ದು, ಐದು ಅಥವಾ ಹೆಚ್ಚು ಎಲೆಗಳನ್ನು ಹೊಂದಿದ್ದಾಗ ನಾಟಿಗೆ ಯೋಗ್ಯ. ಎತ್ತರವಾಗಿ ಬೆಳೆದ ಸಸಿಯೇ ಒಳ್ಳೆಯದೆಂಬ ಭಾವನೆ ಸಸ್ಯಕ್ಷೇತ್ರಗಳಲ್ಲಿ ಸಾಮಾನ್ಯವಾಗಿದೆ. ಇದು ಸರಿಯಲ್ಲ. ಕುಳ್ಳಗಿದ್ದು ಹೆಚ್ಚು ಎಲೆಗಳಿರುವ ಸಸಿಯೇ ಮುಂದೆ ಉತ್ತಮ ಮರವಾಗುತ್ತದೆ. ಇದನ್ನು ತಿಳಿಯಲು ಸರಳವಾದ ಲೆಕ್ಕವೊಂದಿದೆ: ಎಲೆಗಳ ಸಂಖ್ಯೆಯನ್ನು 40ರಿಂದ ಗುಣಿಸಿ, ಬಂದ ಮೊತ್ತದಿಂದ ಸಸಿಯ ಎತ್ತರವನ್ನು (ಸೆಂ.ಮೀ.ಗಳಲ್ಲಿ) ಕಳೆಯಬೇಕು. ಶೇಷ ಹೆಚ್ಚಾದಷ್ಟೂ ಸಸಿ ಉತ್ತಮ. ಉದಾಹರಣೆಗೆ, ಆರು ಎಲೆಗಳಿದ್ದು 90 ಸೆಂ.ಮೀ. ಎತ್ತರವಿರುವ ಸಸಿಗೆ 240ರಲ್ಲಿ 90 ಕಳೆದು 150 ಬರುತ್ತದೆ. ಐದು ಎಲೆಗಳಿದ್ದು 120 ಸೆಂ.ಮೀ. ಎತ್ತರವಿರುವ ಸಸಿಗೆ 200ರಲ್ಲಿ 120 ಕಳೆದು 80 ಮಾತ್ರ. ನೋಟಕ್ಕೆ ಎರಡನೆಯದೇ ಚೆಲುವಾಗಿ ಕಂಡರೂ ಕೊಳ್ಳಬೇಕಾದುದು ಮೊದಲನೆಯದನ್ನು. ಸಸಿ ಖರೀದಿಗೆ ಹೋಗುವವರು ಅಳತೆಪಟ್ಟಿಯೊಂದನ್ನು ಜೊತೆಯಲ್ಲಿ ಒಯ್ದರೆ ಸಾಕು.

2.7 ಮೀಟರ್ (9 ಅಡಿ) ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 550 ಸಸಿಗಳು ಬೇಕಾಗುತ್ತವೆ. ಮೊಳಕೆಯಲ್ಲಿ, ಚೀಲದಲ್ಲಿ ಮತ್ತು ಅಂತಿಮ ಆಯ್ಕೆಯಲ್ಲಿ ತೆಗೆದುಹಾಕುವುದನ್ನು ಹಾಗೂ ನಾಟಿಯ ನಂತರ ಹುಸಿ ಬಿದ್ದ ಸ್ಥಳಗಳಿಗೆ ಬೇಕಾಗುವುದನ್ನು ಗಮನದಲ್ಲಿಟ್ಟು ಎಕರೆಯೊಂದಕ್ಕೆ ಸಾವಿರದಷ್ಟು ಬೀಜ ಬಿತ್ತುವುದು ಸೂಕ್ತ. ನೀರು ಬಸಿಯುವ ಭೂಮಿಯಲ್ಲಿ ಜೂನ್-ಜುಲೈನಲ್ಲಿ, ಗದ್ದೆಯ ಜಿಗುಟು ಮಣ್ಣಿನಲ್ಲಿ ಮಳೆಯ ರಭಸ ತಗ್ಗಿದ ನಂತರ ಆಗಸ್ಟ್-ಸೆಪ್ಟೆಂಬರ್‌ನಲ್ಲಿ ನಾಟಿ ಮಾಡಬೇಕು. ನೈರುತ್ಯ ದಿಕ್ಕಿನ ಬಿಸಿಲಿಗೆ ಅಡ್ಡವಾಗುವಂತೆ ಬಾಳೆ ನೆಡುವುದರಿಂದ ಎಳೆಯ ಸಸಿಗಳ ಕಾಂಡ ಸುಡುವುದನ್ನು ತಡೆಯಬಹುದು.

ಅಪ್ಪೆಮಿಡಿ, ಮಾವು ಮತ್ತು ಹಲಸು

ಉಪ್ಪಿನಕಾಯಿಗೆ ಹೆಸರಾದ, ಭೌಗೋಳಿಕ ಸೂಚಿ ಮಾನ್ಯತೆ ಪಡೆದಿರುವ ಅಪ್ಪೆಮಿಡಿಯ ಸ್ಥಿತಿಯೂ ಅಡಿಕೆಯಂತೆಯೇ. ಗೊರಟು ಬಲಿಯುವ ಮೊದಲೇ ಮಿಡಿಯನ್ನು ಕೊಯ್ಯಲಾಗುವುದರಿಂದ ಹಣ್ಣಾಗಲು ಉಳಿಯುವುದು ಅಪರೂಪ. ಹೊಳೆದಂಡೆ ಮತ್ತು ಬೆಟ್ಟಗಳಲ್ಲಿ ತಾನಾಗಿ ಹುಟ್ಟುವ ಹೊಸ ಗಿಡಗಳು ಈ ಕಾರಣದಿಂದ ಕಡಿಮೆಯಾಗುತ್ತವೆ. ಮಿಡಿಗಾಗಿ ಕೊಂಬೆಯನ್ನೇ ಕಡಿದು ಕೆಡವುವ ಪದ್ಧತಿಯಂತೂ ಮರವನ್ನೇ ಕಳೆದುಕೊಳ್ಳುವ ದಾರಿ.

ಪರಿಮಳ, ಸೊನೆ ಮತ್ತು ಹುಳಿಯ ಗುಣಗಳು ಗೊರಟಿನಿಂದ ಬೆಳೆದ ಗಿಡದಲ್ಲಿ ತಾಯಿಮರದಂತೆಯೇ ಬರುತ್ತವೆಂಬ ಖಾತ್ರಿ ಇಲ್ಲ. ಆದುದರಿಂದ ಹೆಸರುವಾಸಿಯಾದ ಮರಗಳನ್ನು ಕಸಿಯ ಮೂಲಕವೇ ವೃದ್ಧಿಸಬೇಕು. ಕಸಿಗೆ ಬೇಕಾಗುವ ಬೇರುಸಸಿಗಳಿಗಾಗಿ ಊರಿನ ಸಾಮಾನ್ಯ ಮಾವಿನ ಗೊರಟನ್ನು ಬಳಸಬಹುದು. ಹಣ್ಣು ತಿಂದ ಗೊರಟನ್ನು ತೊಳೆದು ನಾಲ್ಕೈದು ವಾರಗಳೊಳಗೆ ಬಿತ್ತಬೇಕು. ಆಮೇಲೆ ಮೊಳೆಯುವ ಶಕ್ತಿ ಕ್ಷೀಣಿಸುತ್ತದೆ. ಗೊರಟಿನ ಗಟ್ಟಿ ಹೊರಕವಚವನ್ನು ಎಚ್ಚರಿಕೆಯಿಂದ ಬಿಡಿಸಿ ಒಳಗಿನ ಬೀಜವನ್ನು ಊರಿದರೆ ಬೇಗ ಮೊಳೆಯುತ್ತದೆ. ಒಂದೆರಡು ಮರಗಳಲ್ಲಾದರೂ ಕೆಲವು ಮಿಡಿಗಳನ್ನು ಕೊಯ್ಯದೆ ಹಣ್ಣಾಗಲು ಬಿಡುವುದು ತಳಿವೈವಿಧ್ಯದ ದೃಷ್ಟಿಯಿಂದ ಅಗತ್ಯವಾಗಿದೆ. ಗೊರಟಿನಿಂದ ಬಂದ ಗಿಡಗಳಲ್ಲಿಯೇ ಹೊಸ ಪರಿಮಳದ ಮರಗಳು ಹುಟ್ಟಬೇಕಾಗಿರುವುದು.

ಹಲಸಿನ ಬೀಜವನ್ನು ಹಣ್ಣು ಬಿಡಿಸಿದ ದಿನವೇ ತೊಳೆದು, ಲೋಳೆ ತೆಗೆದು, ದಪ್ಪನೆಯ ಬೀಜಗಳನ್ನು ಆರಿಸಿ ಬಿತ್ತುವುದು ಉತ್ತಮ. ಪಲ್ಯಕ್ಕೆಂದು ಅಟ್ಟದ ಮೇಲೆ ಮಣ್ಣು ಬಳಿದು ಇಟ್ಟ ಬೀಜ ಅಡುಗೆಗೆ ಸೊಗಸಾಗಿದ್ದರೂ ಬಿತ್ತನೆಗೆ ನಂಬಿಕೆಗೆ ಅರ್ಹವಲ್ಲ. ತಾಯಿಬೇರು ಮುರಿದರೆ ಗಿಡ ಸೊರಗುವುದರಿಂದ ಚೀಲದಲ್ಲಿ ಅಥವಾ ನೆಡಬೇಕಾದ ಗುಂಡಿಯಲ್ಲಿಯೇ ಬಿತ್ತಬೇಕು. ಬೇಲಿಸಾಲಿಗೆ, ಮರಮಟ್ಟಿಗೆ ಬೀಜದ ಗಿಡ ಸಾಕು. ನಿರ್ದಿಷ್ಟ ತೊಳೆಯ ರುಚಿ ಅಥವಾ ಬಣ್ಣ ಬೇಕೆನ್ನುವವರಿಗೆ ಕಸಿ ಗಿಡವೇ ದಾರಿ.

ಮುರುಗಲು ಮತ್ತು ಉಪ್ಪಾಗೆ

ಈ ಎರಡೂ ಜಾತಿಗಳಲ್ಲಿ ಗಂಡು ಮರ ಮತ್ತು ಹೆಣ್ಣು ಮರಗಳು ಸಾಮಾನ್ಯವಾಗಿ ಬೇರೆ ಬೇರೆ. ಬೀಜದಿಂದ ಬೆಳೆದ ಸಸಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಗಂಡಾಗುವ ಸಾಧ್ಯತೆ ಇದ್ದು, ಇದು ತಿಳಿಯುವುದು ಹಲವು ವರ್ಷಗಳ ನಂತರ ಹೂ ಬಿಟ್ಟಾಗ ಮಾತ್ರ. ಒಂದೆರಡು ಗಿಡ ನೆಡಲಿಚ್ಛಿಸುವವರು ಹೆಣ್ಣು ಮರದಿಂದ ಮಾಡಿದ ಕಸಿ ಗಿಡ ಪಡೆಯುವುದು ಸೂಕ್ತ. ಹೆಚ್ಚು ಸಂಖ್ಯೆಯಲ್ಲಿ ನೆಡುವವರು ಬೀಜದ ಸಸಿಗಳನ್ನು ಹತ್ತಿರ ಹತ್ತಿರ ನೆಟ್ಟು ಅನಂತರ ಗಂಡು ಗಿಡಗಳನ್ನು ತೆಳುಗೊಳಿಸಬಹುದು. ಆದರೆ ಪರಾಗಕ್ಕಾಗಿ ಕೆಲವು ಗಂಡು ಮರಗಳನ್ನು ಉಳಿಸಿಕೊಳ್ಳಬೇಕು.

ಬೇಸಿಗೆಯಲ್ಲಿ ಹಣ್ಣಾಗುವ ಮುರುಗಲಿನ ಬೀಜವನ್ನು ತಿರುಳು ತೊಳೆದು, ನೆರಳಿನಲ್ಲಿ ನೀರಾರಿಸಿ ಕೂಡಲೇ ಬಿತ್ತಬೇಕು. ಮಳೆಗಾಲದಲ್ಲಿ ಹಣ್ಣಾಗುವ ಉಪ್ಪಾಗೆಯ ಬೀಜಕ್ಕೆ ಸುಪ್ತಾವಸ್ಥೆ ಇದ್ದು, ಮೊಳೆಯಲು ಹಲವು ತಿಂಗಳುಗಳೇ ಹಿಡಿಯುತ್ತವೆ. ಬೀಜದ ಹೊರಸಿಪ್ಪೆ ಬಿಡಿಸಿ ಬಿತ್ತಿದರೆ ಈ ಅವಧಿ ಕಡಿಮೆಯಾಗುತ್ತದೆ. ಮೊಳೆಯಲಿಲ್ಲವೆಂದು ಎರಡು ತಿಂಗಳಿಗೆ ಮಡಿಯನ್ನು ಅಗೆದುಹಾಕಿದವರು ಬಹಳ. ಅರಣ್ಯ ಪ್ರದೇಶದಿಂದ ಹಣ್ಣು ಅಥವಾ ಬೀಜ ಸಂಗ್ರಹಿಸುವ ಮೊದಲು ಅರಣ್ಯ ಇಲಾಖೆಯ ಅನುಮತಿ ಪಡೆಯತಕ್ಕದ್ದು.

ಹಿತ್ತಲಿನ ಹೂವು ಮತ್ತು ತರಕಾರಿ ಗಿಡಗಳು

ಕನಕಾಂಬರದ ಬೀಜ ಸಂಗ್ರಹಣೆಯಲ್ಲಿ ಮನೆಯ ಹೆಣ್ಣುಮಕ್ಕಳಿಗೆ ಇರುವ ಅನುಭವ ದೊಡ್ಡದು. ಒಣಗಿ ಕಂದು ಬಣ್ಣಕ್ಕೆ ತಿರುಗಿದ ಕಾಯಿಗೆ ನೀರು ತಗುಲಿದೊಡನೆ ಅದು ಚಟ್ಟೆಂದು ಸಿಡಿದು ಬೀಜವನ್ನು ದೂರ ಎಸೆಯುತ್ತದೆ. ಮೊದಲ ಮಳೆ ಬಿದ್ದರೆ ಬೀಜವೆಲ್ಲ ಅಂಗಳದ ಪಾಲು. ಆದುದರಿಂದ ಮಳೆಗೆ ಮುನ್ನ, ಒಣ ಹವೆಯಲ್ಲಿ ತೆನೆಗಳನ್ನು ಕತ್ತರಿಸಿ ಪಾತ್ರೆಯಲ್ಲಿ ಹಾಕಿ, ನೀರು ಚಿಮುಕಿಸಿ ಕೂಡಲೇ ಮುಚ್ಚಳ ಮುಚ್ಚಬೇಕು. ಸಿಡಿದ ಬೀಜಗಳನ್ನು ಆಯ್ದು ನೆರಳಿನಲ್ಲಿ ಒಣಗಿಸಿ ಅದೇ ಮಳೆಗಾಲದ ಆರಂಭದಲ್ಲಿ ಬಿತ್ತುವುದು ಉತ್ತಮ. ಹಿಂದೆ ಕನಕಾಂಬರ ಇದ್ದ ಪಾತಿಯಲ್ಲಿ ಬೇರುಗಂಟು ಜಂತುಹುಳುವಿನ ಬಾಧೆ ಇರುವುದರಿಂದ ಹೊಸ ಮಣ್ಣಿನ ಪಾತಿ ಬಳಸಬೇಕು. ಡೆಲ್ಲಿ ಕನಕಾಂಬರವೆಂದು ಕರೆಯಲಾಗುವ ತಳಿಯು ಬೀಜ ಕಟ್ಟುವುದಿಲ್ಲ. ಅದರ ಬೀಜವೆಂದು ಯಾರಾದರೂ ಮಾರಿದರೆ ಕೊಳ್ಳಬಾರದು. ಅದನ್ನು ಕಡ್ಡಿಯಿಂದಲೇ ಬೆಳೆಸಬೇಕು. ಮಲ್ಲಿಗೆ, ದಾಸವಾಳಗಳನ್ನೂ ಹಾಗೆಯೇ ಕಡ್ಡಿಯಿಂದ ವೃದ್ಧಿಸಲಾಗುತ್ತದೆ.

ಕರಿಬೇವಿನ ಹಣ್ಣು ಕಪ್ಪಾದ ಮೇಲೆ ಹಕ್ಕಿಗಳಿಗಿಂತ ಮೊದಲು ಕಿತ್ತು, ತಿರುಳು ತೊಳೆದು ಕೆಲವೇ ದಿನಗಳಲ್ಲಿ ಬಿತ್ತಬೇಕು. ನುಗ್ಗೆಯ ಕಾಯಿ ಮರದಲ್ಲಿಯೇ ಒಣಗಿ ಕಂದು ಬಣ್ಣಕ್ಕೆ ತಿರುಗಿದಾಗ, ಬಿರಿಯುವ ಮೊದಲು ಕೊಯ್ಯಬೇಕು. ಬೀಜ ಹತ್ತು ದಿನಗಳ ಆಸುಪಾಸಿನಲ್ಲಿ ಮೊಳೆಯುತ್ತದೆ. ಸೊರಬದ ಮಳೆಗೆ ನುಗ್ಗೆ ಒಗ್ಗುವುದು ಏರಿನ ಮೇಲೆ ನೆಟ್ಟಾಗ ಮಾತ್ರ. ಪಪ್ಪಾಯಿ ಬೀಜದ ಮೇಲಿನ ಲೋಳೆಪೊರೆಯನ್ನು ಬೂದಿಯಲ್ಲಿ ಉಜ್ಜಿ ತೆಗೆಯದಿದ್ದರೆ ಮೊಳಕೆಗೆ ಅಡ್ಡಿಯಾಗುತ್ತದೆ. ರೆಡ್ ಲೇಡಿ ಮಿಶ್ರತಳಿಯಾದ್ದರಿಂದ ಅದರ ಹಣ್ಣಿನ ಬೀಜ ತೆಗೆದು ಬಿತ್ತಿದವರಿಗೆ ಅದೇ ಹಣ್ಣು ಮತ್ತೆ ದೊರೆಯುವುದಿಲ್ಲ. ಕಾಳುಮೆಣಸಿನ ಬೀಜವೂ ಮೊಳೆಯುತ್ತದೆಯಾದರೂ ಬಳ್ಳಿಗಳ ಗುಣ ಒಂದೇ ತೆರನಾಗಿರದ ಕಾರಣ, ಉತ್ತಮ ಬಳ್ಳಿಯ ಬುಡದಿಂದ ಹೊರಡುವ ಹಬ್ಬು ಬಳ್ಳಿಯ ತುಂಡುಗಳನ್ನೇ ಬಳಸಬೇಕು.

ಶ್ರೀಗಂಧ

ಸೊರಬವು ಶ್ರೀಗಂಧದ ಕೆತ್ತನೆಗೆ ಹೆಸರಾದ ಗುಡಿಗಾರರ ನೆಲೆ. 2001ರ ಕಾನೂನು ತಿದ್ದುಪಡಿಯ ನಂತರ ಖಾಸಗಿ ಜಮೀನಿನಲ್ಲಿರುವ ಶ್ರೀಗಂಧದ ಮರಕ್ಕೆ ಜಮೀನಿನ ಮಾಲೀಕರೇ ಒಡೆಯರಾಗಿದ್ದು, ಕಡಿಯಲು ಮಾತ್ರ ಅರಣ್ಯ ಇಲಾಖೆಯ ಅನುಮತಿ ಬೇಕಾಗುತ್ತದೆ. ತೋಟದಂಚಿನಲ್ಲಿ ನೆಡುವವರು ಮಾಗಿ ಕಪ್ಪಾದ ಹಣ್ಣುಗಳನ್ನು ಮರದಿಂದಲೇ ಸಂಗ್ರಹಿಸಿ, ತಿರುಳು ತೊಳೆದು ನೆರಳಿನಲ್ಲಿ ಒಣಗಿಸಬೇಕು. ಹೊಸ ಬೀಜಕ್ಕೆ ಸುಮಾರು ಎರಡು ತಿ೦ಗಳ ಸುಪ್ತಾವಸ್ಥೆ ಇರುತ್ತದೆ. ಶ್ರೀಗಂಧವು ಅರೆಪರಾವಲಂಬಿ ಸಸ್ಯವಾದ್ದರಿಂದ ಚೀಲದಲ್ಲಿಯೇ ಜೊತೆಗೆ ತೊಗರಿಯಂತಹ ಆಸರೆ ಗಿಡವನ್ನು ಬೆಳೆಸದಿದ್ದರೆ ಸಸಿ ಸೊರಗುತ್ತದೆ.

ರೈತರ ಹಕ್ಕು

ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಅಧಿನಿಯಮ, 2001ರ ಕಲಂ 39ರ ಪ್ರಕಾರ ರೈತರು ತಮ್ಮ ಹೊಲ, ತೋಟಗಳಲ್ಲಿ ಬೆಳೆದ ಬೀಜವನ್ನು ಉಳಿಸಿಕೊಳ್ಳಲು, ಬಿತ್ತಲು, ವಿನಿಮಯ ಮಾಡಿಕೊಳ್ಳಲು ಹಾಗೂ ಮಾರಾಟ ಮಾಡಲು ಹಕ್ಕುಳ್ಳವರಾಗಿರುತ್ತಾರೆ. ಸಂರಕ್ಷಿತ ತಳಿಯ ಬೀಜವನ್ನು ಆ ತಳಿಯ ಹೆಸರಿನ ಪೊಟ್ಟಣದಲ್ಲಿ ವಾಣಿಜ್ಯ ಮುದ್ರೆಯೊಂದಿಗೆ ಮಾರಾಟ ಮಾಡಲು ಮಾತ್ರ ಅವಕಾಶವಿರುವುದಿಲ್ಲ. ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ವಿಶಿಷ್ಟ ಅಪ್ಪೆಮಿಡಿ, ಹಲಸು ಮೊದಲಾದವುಗಳನ್ನು ರೈತರ ತಳಿಯಾಗಿ ನೋಂದಾಯಿಸಲು ಇದೇ ಅಧಿನಿಯಮದಲ್ಲಿ ಅವಕಾಶವಿದ್ದು, ಇದಕ್ಕೆ ರೈತರು ನೋಂದಣಿ ಶುಲ್ಕ ಪಾವತಿಸಬೇಕಾಗಿಲ್ಲ.

ಸಸಿ ಖರೀದಿ ಮತ್ತು ಅರ್ಜಿ ಸಲ್ಲಿಕೆ

ಸ್ವಂತ ತಾಯಿಮರಗಳಿಲ್ಲದವರು ತೋಟಗಾರಿಕೆ ಇಲಾಖೆಯ ಕ್ಷೇತ್ರಗಳು, ಶಿವಮೊಗ್ಗ ಜಿಲ್ಲೆಯಲ್ಲಿರುವ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ ಹಾಗೂ ವಿಟ್ಲದ ಸಂಶೋಧನಾ ಕೇಂದ್ರದಲ್ಲಿ ಬೀಜ ಅಥವಾ ಸಸಿಗಳ ಲಭ್ಯತೆಯನ್ನು ವಿಚಾರಿಸಬಹುದು. ಬೇಡಿಕೆ ಹೆಚ್ಚಿರುವುದರಿಂದ ನಾಟಿಯ ತಿಂಗಳಿನಲ್ಲಿ ವಿಚಾರಿಸುವ ಬದಲು ಹಿಂದಿನ ವರ್ಷವೇ ಹೆಸರು ನೋಂದಾಯಿಸುವುದು ಸೂಕ್ತ. ಖಾಸಗಿ ಸಸ್ಯಕ್ಷೇತ್ರಗಳಿಂದ ಕೊಳ್ಳುವವರು ತಳಿಯ ಹೆಸರು, ಬೀಜದ ಮೂಲ, ಸಸಿಯ ವಯಸ್ಸು, ಸಂಖ್ಯೆ ಮತ್ತು ದಿನಾಂಕವನ್ನು ನಮೂದಿಸಿದ ರಸೀದಿಯನ್ನು ತಪ್ಪದೆ ಪಡೆದು ಫಸಲು ಬರುವವರೆಗೂ ಜೋಪಾನವಾಗಿಡಬೇಕು. ಸಾಧ್ಯವಿದ್ದಲ್ಲಿ ಬೀಜ ತೆಗೆದ ತೋಟವನ್ನು ಖುದ್ದಾಗಿ ನೋಡಿಬರಬೇಕು.

ಇಲಾಖೆಯ ಸಹಾಯಧನ ಯೋಜನೆಗಳಿಗೆ ಅರ್ಜಿ ಸಲ್ಲಿಸುವವರು ಫ್ರೂಟ್ಸ್ ತಂತ್ರಾಂಶದಲ್ಲಿ ನೋಂದಣಿ ಮಾಡಿಸಿ ಎಫ್.ಐ.ಡಿ. ಸಂಖ್ಯೆ ಪಡೆದಿರಬೇಕು. ಪಹಣಿ, ಆಧಾರ್ ಹಾಗೂ ಬ್ಯಾಂಕ್ ಪಾಸ್ ಪುಸ್ತಕದ ಪ್ರತಿಗಳನ್ನು, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದ ಅರ್ಜಿದಾರರು ಜಾತಿ ಪ್ರಮಾಣ ಪತ್ರವನ್ನು ಸಿದ್ಧವಾಗಿಟ್ಟುಕೊಳ್ಳುವುದು. ಪಹಣಿಯಲ್ಲಿ ಜಮೀನು ಇನ್ನೂ ತಂದೆ ಅಥವಾ ಅಜ್ಜನ ಹೆಸರಿನಲ್ಲಿದ್ದರೆ ಪೌತಿ ಖಾತೆ ಬದಲಾವಣೆಯನ್ನು ಮೊದಲು ಮಾಡಿಸಿಕೊಳ್ಳಬೇಕು. ಆಯಾ ವರ್ಷದ ಯೋಜನೆಗಳು, ಸಸಿಗಳ ದರ ಮತ್ತು ಅರ್ಜಿಯ ಕೊನೆಯ ದಿನಾಂಕದ ಬಗ್ಗೆ ಶಿಕಾರಿಪುರ ಮತ್ತು ಸೊರಬದ ತಾಲ್ಲೂಕು ತೋಟಗಾರಿಕೆ ಕಚೇರಿಗಳಲ್ಲಿ ಅಥವಾ ಹೋಬಳಿ ಮಟ್ಟದ ರೈತ ಸಂಪರ್ಕ ಕೇಂದ್ರಗಳಲ್ಲಿ ಕಚೇರಿ ವೇಳೆಯಲ್ಲಿ ವಿಚಾರಿಸಬಹುದಾಗಿದೆ. ಬೀಜದ ಗೊನೆ ಗುರುತಿಸುವ ಬಗ್ಗೆ ಸಲಹೆ ಬೇಕಾದವರು ಕೊಯ್ಲು ಆರಂಭವಾಗುವ ಮುನ್ನ, ಅಂದರೆ ಆಗಸ್ಟ್ ತಿಂಗಳೊಳಗೆ ಸಂಪರ್ಕಿಸುವುದು.